ಇಂಗ್ಲಿಷ್ ಬಿಟ್ಟೆ, ಜಪಾನೀಸ್‌ನ "ಇರಬಹುದು, ಅಂತೆ, ಅನ್ಸುತ್ತೆ" ಬಾಯಿಗೆ ಬಂತು: ನನ್ನ ಅನುಭವ

ಜಪಾನೀಸ್ ಪರೀಕ್ಷೆ ಜೆಎಲ್‌ಪಿಟಿಯ ಮಧ್ಯದ ಹಂತ ಎನ್3 ಪಾಸಾದ್ಮೇಲೂ ಜಪಾನೀಸ್ ಕ್ಲೈಂಟ್ ಕಾಲ್‌ನಲ್ಲಿ ನಾನು ಬಾಯಿ ಬಿಟ್ರೆ ಜಡ್ಜ್ ತೀರ್ಪು ಓದಿದಂಗೆ ಇರ್ತಿತ್ತು, ವಾಕ್ಯದ ಕೊನೇಲಿ ಎಲ್ಲಾ ಖಡಾಖಂಡಿತ "ದೆಸ್, ಮಾಸ್", ಅಂದ್ರೆ ಮರ್ಯಾದೆಯ "ಆಗಿದೆ, ಮಾಡ್ತೀನಿ" ಥರ. ಜೆಎಲ್‌ಪಿಟಿಲಿ ಮಾತಾಡೋ ಪರೀಕ್ಷೆನೇ ಇಲ್ವಲ್ಲ, ಅಲ್ಲಿ ಇದು ಗೊತ್ತಾಗಲ್ಲ. ವೀಕೆಂಡ್ ಕ್ಲಾಸಿಗೆ 20-25 ಸಾವಿರ ಹೋಯ್ತು, ಆಮೇಲೆ ಆನ್‌ಲೈನ್ ಟ್ಯೂಟರ್, ಗಂಟೆಗೆ ಸಾವಿರದ ಮೇಲೆ, ಅದೂ ತಿಂಗಳುಗಟ್ಲೆ. ಎಲ್ರ ಹತ್ರನೂ ಅದೇ ಟೇಬಲ್ಲು: ಕಾಮೊಶಿರೆನಾಯ್ (ಇರಬಹುದು) ಅಂದ್ರೆ 50 ಪರ್ಸೆಂಟು ಖಾತ್ರಿ, ದೆಶೋ (ಬಹುಶಃ ಹೌದು) ಅಂದ್ರೆ 80 ಪರ್ಸೆಂಟು. ಮಾತಾಡ್ವಾಗ ಯಾರಪ್ಪ ಪರ್ಸೆಂಟ್ ಲೆಕ್ಕ ಹಾಕ್ತಾರೆ! ಇಂಗ್ಲಿಷಲ್ಲಿ ಯೋಚ್ನೆ ಮಾಡೋರು "ತಬುನ್" (ಬಹುಶಃ) ಅಂತ ಶುರು ಮಾಡಿ ಕೊನೇಲಿ ಮತ್ತೆ ಬರೀ "ಮಾಸ್" ಅಂತ ನಿಲ್ಲಿಸ್ಬಿಡ್ತಾರೆ, ಕೇಳೋರು ಕಾಯ್ತಿರೋದು ವಾಕ್ಯದ ಕೊನೇಲಿ ಅಂಟೋ ಬಾಲಕ್ಕೆ. ನಮ್ಮ ಕನ್ನಡದ "ಅಂತೆ, ಅನ್ಸುತ್ತೆ"ನೂ ಕೊನೇಲೇ ತಾನೆ ಬರೋದು.

ಸರಿ, ಅಮ್ಮ ಫೋನಲ್ಲಿ ಹೇಳೋ ವಾಕ್ಯಗಳನ್ನೇ ಬರ್ಕೊಂಡು ಬಾಲ ಮಾತ್ರ ಜಪಾನೀಸ್‌ಗೆ ತಿರುಗ್ಸೋಕೆ ಕೂತೆ. ಮಳೆ ಬರೋ ಹಂಗಿದೆ: ಫುರಿಸೋ ದೆಸ್. ಮಳೆ ಬರುತ್ತಂತೆ: ಫುರು ಸೋ ದೆಸ್. ಈ ಎರಡು "ಸೋ"ನ ಕಲಸ್ಕೊಂಡು ಒದ್ದಾಡೋರು ಎಷ್ಟು ಜನ ಇದಾರೆ ಗೊತ್ತಲ್ಲ, ನಂಗೆ ಹೆಚ್ಚಂದ್ರೆ ಒಂದ್ ವಾರ ಹಿಡೀತು. ಬಂದಿರ್ಬೇಕು: ಕಿತಾ ಹಾಜು ದೆಸ್. ಅಂತ ಅನ್ಸುತ್ತೆ: ತೊ ಒಮೊಯ್‌ಮಾಸ್, "ಅಂತ" ಇರೋ ಜಾಗದಲ್ಲೇ "ತೊ" ಕೂರುತ್ತೆ. ಇಷ್ಟ ಇಲ್ಲ ಅಂತಲ್ಲ: ಕಿರಾಯ್ ತೊ ಇಉ ವಾಕೆ ಜಾ ನಾಯ್. ಕ್ಲಾಸಿನ ಸೀನಿಯರ್‌ಗಳು "ಕನ್ನಡ ಹಿಡ್ಕೊಂಡು ಕೂತ್ರೆ ಎನ್2 ಆದಂಗೆ" ಅಂತ ನಕ್ರು, ಎನ್2 ಅಂದ್ರೆ ಎನ್3 ಆದ್ಮೇಲಿನ ಹಂತ. ಆಯ್ತು, ಮೊದಲ್ನೇ ಸಲಕ್ಕೇ.

ಎಲ್ಲಾ ಕಡೆ ನಡೆಯಲ್ಲ ಇದು. "ಅವ್ನಿಗೆ ಚಳಿ ಆಗ್ತಿದೆ" ಅಂತ ನಾವು ಆರಾಮಾಗಿ ಹೇಳ್ತೀವಿ, ಅಲ್ಲಿ "ಕಾರೆ ವಾ ಸಾಮುಯ್" (ಅವ್ನಿಗೆ ಚಳಿ) ಅಂದ್ರೆ ಹೊಂದಲ್ಲ, ಬೇರೆಯವ್ರ ಚಳಿ ನಿಂಗೆಂಗ್ ಗೊತ್ತು, ಸಾಮುಸೋ (ಚಳಿ ಆಗೋ ಹಂಗಿದೆ) ಅನ್ನು, ಇಲ್ಲಾ ಸಾಮುಯ್ ಮಿತಾಯ್ (ಚಳಿ ಅನ್ಸುತ್ತೆ) ಅನ್ನು. ಆಮೇಲೆ ಇನ್ಸಿಡೆಂಟ್ ರಿಪೋರ್ಟು, ಅಂದ್ರೆ ಸಿಸ್ಟಮ್ ಕೈಕೊಟ್ಟಾಗ ಕ್ಲೈಂಟ್‌ಗೆ ಬರೆಯೋ ವರದಿ. ಸಿಸ್ಟಮ್‌ನ ದಾಖಲೆ, ಅಂದ್ರೆ ಲಾಗ್‌ನಲ್ಲಿ, ಕಣ್ಣಿಗೆ ಕಾಣೋದಕ್ಕೆ ಬಾಲ ಹಾಕ್ಬೇಡಿ, ಕಾರಣ ಇನ್ನೂ ಪಕ್ಕಾ ಆಗಿಲ್ಲ ಅಂದ್ರೆ ಅದಕ್ಕೆ ಮಾತ್ರ "ತೊ ಕಾಂಗಾಎರಾರೆಮಾಸ್" (ಅಂತ ಭಾವಿಸಲಾಗಿದೆ) ಹಾಕಿ. ಇದೊಂದರಿಂದ ನನ್ ರಿಪೋರ್ಟ್‌ಗಳು ವಾಪಸ್ ಬರೋದು ಅರ್ಧಕ್ಕರ್ಧ ಕಮ್ಮಿ ಆಯ್ತು. "ಚೊತ್ತೊ ಮುಝುಕಾಶಿಯ್ ದೆಸ್ ಕೆದೊ…" (ಸ್ವಲ್ಪ ಕಷ್ಟ, ಆದ್ರೆ…) ಅಂತ ಎಳೆದ್ಮೇಲೆ ಎಷ್ಟು ಹೊತ್ತು ಸುಮ್ನಿರ್ಬೇಕು ಅನ್ನೋದು ಮಾತ್ರ ಹೇಳಲ್ಲ, ಅದು ದುಡ್ಡು ಕೊಟ್ಟು ಕಲ್ತಿದ್ದು.

ಸುಮ್ನೆ ಟೀಮಲ್ಲೂ ಟ್ರೈ ಮಾಡಿದೆ. ನಮ್ಮ "ಅಂತೆ" ಥರ ತೆಲುಗು ಹುಡುಗನಿಗೆ "ಅಂಟ" ಇದೆ, ತಮಿಳಿನವಳಿಗೆ "ಆಂ" ಇದೆ, ಇಬ್ರೂ ಸಲೀಸಾಗಿ ಹಿಡಿದ್ರು. ಮನೇಲೂ ಬರೀ ಇಂಗ್ಲಿಷ್ ಮಾತಾಡ್ಕೊಂಡು ಬೆಳೆದ ಬೆಂಗಳೂರಿನ ಹುಡುಗನಿಗೆ ಮೊದ್ಲು ಕನ್ನಡದ "ಅಂತೆ" ಹೇಳ್ಕೊಡ್ತಾ ಇದೀನಿ ಈಗ.