ಬಿಸಿಯಾದ ಮೇಲೆ ಕಳೆದುಹೋಗುತ್ತಿದ್ದ ಬೂಸ್ಟ್

ಆ ಗಾಡಿ ನನ್ನ ಗ್ಯಾರೇಜಿಗೆ ಬರುವ ಮೊದಲೇ ಮೂರು ಜನ ತೀರ್ಪು ಕೊಟ್ಟಾಗಿತ್ತು. “ಟರ್ಬೋ ಹೋಗಿದೆ, ಬದಲಾಯಿಸಿ.” ಟರ್ಬೋ ಅಂದರೆ ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು. ಆ ಒತ್ತಡಕ್ಕೇ ಬೂಸ್ಟ್ ಅನ್ನುತ್ತೇವೆ. ನಾಲ್ಕನೆಯವನು ನಾನು. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ವಾರ ನಾನೂ ಅವರ ಸಾಲಿನಲ್ಲೇ ನಿಂತಿದ್ದೆ.

ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ವ್ಯಾಕ್ಯೂಮ್ ಆಕ್ಚುಯೇಟರ್ ಇರುವ ವಿಜಿಟಿ ಟರ್ಬೋ. ಅಂದರೆ ಒಳಗಿನ ವೇನ್ ಅನ್ನುವ ರೆಕ್ಕೆಗಳನ್ನು ವ್ಯಾಕ್ಯೂಮ್ ಎಳೆತದಿಂದ ತಿರುಗಿಸಿ ಬೂಸ್ಟ್ ಹೆಚ್ಚು ಕಡಿಮೆ ಮಾಡುವಂಥದ್ದು. ಓಡಿದ್ದು ಒಂದೂವರೆ ಲಕ್ಷ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬೆಳಿಗ್ಗೆ ತೆಗೆದ ಹೊಸದರಲ್ಲಿ ಚೆನ್ನಾಗಿ ಎಳೆಯುತ್ತದೆ. ಅರ್ಧ ಗಂಟೆ ಓಡಿಸಿ, ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ ಒತ್ತಿದರೆ ಉಸಿರೇ ಇಲ್ಲ. ಒಂದಿಷ್ಟು ಕಪ್ಪು ಹೊಗೆ, ಆಮೇಲೆ ಲಿಂಪ್ ಮೋಡ್, ಅಂದರೆ ಇಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುವುದು. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಸ್ಕ್ಯಾನರಿನಲ್ಲಿ ಪಿ0299, ಬೂಸ್ಟ್ ಸಾಲದು ಅನ್ನುವ ಕೋಡ್, ನಮಗೆಲ್ಲ ಹಳೇ ನೆಂಟ.

ಪಕ್ಕದಲ್ಲಿ ಗ್ಯಾರೇಜಿನ ಹುಡುಗನನ್ನು ಕೂರಿಸಿಕೊಂಡು ಓಡಿಸಿದೆ. ಅವನ ಕೈಯಲ್ಲಿ ಸ್ಕ್ಯಾನರ್. 2500 ಆರ್‌ಪಿಎಂ, ಪೂರ್ತಿ ಎಕ್ಸಲರೇಟರ್. ಇಂಜಿನ್ ಕೇಳುತ್ತಿದ್ದದ್ದು 2200 ಮಿಲಿಬಾರ್, ಸಿಗುತ್ತಿದ್ದದ್ದು 1650ರ ಹತ್ತಿರ. ನೆನಪಿನಿಂದ ಬರೆಯುತ್ತಿದ್ದೇನೆ, ಐವತ್ತು ಆಚೆ ಈಚೆ ಇರಬಹುದು. ಈ ಅಂಕಿಗಳು ವಾಯುಭಾರ ಸೇರಿಸಿದ್ದು ಅನ್ನುವುದನ್ನು ಮರೆಯಬೇಡಿ, ಮುಳ್ಳಿನ ಗೇಜು ಅದನ್ನು ಬಿಟ್ಟು ತೋರಿಸುತ್ತದೆ. ನಾನು ಹೊಸಬನಾಗಿದ್ದಾಗ ಸ್ಕ್ಯಾನರಿನ 2.2 ಬಾರ್‌ಗೂ ಮುಳ್ಳಿನ ಗೇಜಿನ 1.2 ಬಾರ್‌ಗೂ ತಾಳೆ ಆಗುತ್ತಿಲ್ಲ ಅಂತ ಒಳ್ಳೆಯ ಗೇಜೊಂದನ್ನು ಎಸೆದಿದ್ದೆ. ಈಗ ನಗು ಬರುತ್ತದೆ.

ಮೊದಲು ಕೈ ಹಾಕಿದ್ದು ಆಕ್ಚುಯೇಟರಿಗೆ ಹೋಗುವ ವ್ಯಾಕ್ಯೂಮ್ ಹದ ಮಾಡುವ ಬೂಸ್ಟ್ ಸೊಲೆನಾಯ್ಡಿಗೆ. ಹೊಸದು ಹಾಕಿದೆ, ಏನೂ ವ್ಯತ್ಯಾಸ ಇಲ್ಲ. ಆಮೇಲೆ ಮ್ಯಾಪ್ ಸೆನ್ಸರ್, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಅಳೆಯುವುದು. ಅದೂ ಹೊಸದು, ಅದೂ ದಂಡ. ನಾಚಿಕೆಯ ವಿಷಯ ಏನೆಂದರೆ, ಮ್ಯಾಪ್ ಸೆನ್ಸರ್ ನೋಡಲು ಎರಡು ನಿಮಿಷ ಸಾಕು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಓದಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ 1000 ಮಿಲಿಬಾರ್‌ಗೆ ಸ್ವಲ್ಪ ಮೇಲೆ, 1000 ಮೀಟರ್ ಎತ್ತರದಲ್ಲಿ 900ರ ಆಸುಪಾಸು. ಹಳೇ ಸೆನ್ಸರ್ ಸರಿಯಾಗಿಯೇ ತೋರಿಸುತ್ತಿತ್ತು. ನಾನು ನೋಡಿದ್ದು ಹೊಸದನ್ನು ಹಾಕಿದ ಮೇಲೆ.

ಮೂರನೆಯ ತಪ್ಪು ದೊಡ್ಡದು. ಏರ್ ಫಿಲ್ಟರ್ ಪೈಪ್ ಬಿಚ್ಚಿ ಟರ್ಬೋ ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿದೆ. ಪಕ್ಕಕ್ಕೆ ಸ್ವಲ್ಪ ಆಡಿತು. ಅಷ್ಟೇ ಸಾಕಾಯಿತು ನನಗೆ. ಎಣ್ಣೆಯ ಪದರದ ಮೇಲೆ ತೇಲುವ ಶಾಫ್ಟ್ ಇಂಜಿನ್ ನಿಂತಾಗ ಪಕ್ಕಕ್ಕೆ ಸ್ವಲ್ಪ ಆಡಿಯೇ ಆಡುತ್ತದೆ. ಹಿಂದೆ ಮುಂದೆ ಆಡಿದರೆ, ಇಲ್ಲವೇ ಚಕ್ರದ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ಇದೆಲ್ಲ ಗೊತ್ತಿದ್ದೂ, ಹೊಸ ಟರ್ಬೋ ಬೆಲೆಯ ಮೂರರಲ್ಲಿ ಒಂದು ಪಾಲು ಕೊಟ್ಟು ಸೆಕೆಂಡ್ ಹ್ಯಾಂಡ್ ಟರ್ಬೋ ತಂದೆ. ನೆಗಡಿ ಬಂತೆಂದು ಮೂಗು ಕುಯ್ದುಕೊಂಡ ಹಾಗೆ. ಇಳಿಸಿ ಹತ್ತಿಸಲು ಒಂದೂವರೆ ದಿನ, ಮುರಿದ ಸ್ಟಡ್ ಎರಡು, ಗ್ಯಾಸ್ಕೆಟ್, ವಾಷರ್, ಆಯಿಲ್ ಬೇರೆ. ಓಡಿಸಿದರೆ ಅದೇ 1650.

ಅಲ್ಲಿಗೂ ಬುದ್ಧಿ ಬರಲಿಲ್ಲ. ವೇನ್‌ಗಳ ಓಟಕ್ಕೆ ಮಿತಿ ಹಾಕುವ ಸ್ಟಾಪ್ ಸ್ಕ್ರೂ ಸರಿಯಿಲ್ಲವೇನೋ ಅಂತ ಅರ್ಧ ಸುತ್ತು ತಿರುಗಿಸಿದೆ. ಕೆಳಗಿನ ಆರ್‌ಪಿಎಂನಲ್ಲಿ ಇದ್ದಬದ್ದ ಪಿಕಪ್ಪೂ ಹೋಯಿತು. ಅದನ್ನು ಗಾಳಿಯ ಹರಿವು ಅಳೆದು ಕೂರಿಸಿರುತ್ತಾರೆ, ಕಣ್ಣಂದಾಜಿಗೆ ಮುಟ್ಟುವ ಸ್ಕ್ರೂ ಅಲ್ಲ. ಮೊದಲಿದ್ದ ಜಾಗಕ್ಕೆ ತಿರುಗಿಸಿದೆ ಅಂದುಕೊಂಡೆ, ಆದರೆ ಮೊದಲಿನ ಹಾಗೆ ಆಗಲಿಲ್ಲ. ಗಾಡಿಯದ್ದೇ ಹಳೇ ಟರ್ಬೋವನ್ನು ಮತ್ತೆ ಹತ್ತಿಸಿದೆ. ಇದರ ಕೂಲಿಯನ್ನು ಗಾಡಿಯವರ ಹತ್ತಿರ ಕೇಳುವ ಮುಖ ನನಗಿರಲಿಲ್ಲ. ಆ ಹೊತ್ತಿಗೆ ಈ ಕೆಲಸದಿಂದ ಬರಬೇಕಿದ್ದ ಹಣಕ್ಕಿಂತ ಸುಮಾರು ಮೂರು ಪಟ್ಟು ನನ್ನ ಜೇಬಿನಿಂದಲೇ ಹೋಗಿತ್ತು.

ಹತ್ತಿಸುವ ಮೊದಲು ಒಂದು ಒಳ್ಳೆ ಕೆಲಸ ಮಾಡಿದ್ದೆ. ಕೈಪಂಪಿನಿಂದ ಆಕ್ಚುಯೇಟರಿಗೆ ವ್ಯಾಕ್ಯೂಮ್ ಕೊಟ್ಟು ನೋಡಿದೆ. ಪಾದರಸದ ಲೆಕ್ಕದಲ್ಲಿ ನಾಲ್ಕೈದು ಇಂಚಿಗೆ ರಾಡ್ ಕದಲಿತು, ಹದಿನೆಂಟರ ಹೊತ್ತಿಗೆ ಪೂರ್ತಿ ಎಳೆದುಕೊಂಡಿತು. ಎಲ್ಲೂ ತಡವರಿಸಲಿಲ್ಲ, ಐದು ನಿಮಿಷ ಬಿಟ್ಟರೂ ಮುಳ್ಳು ಇಳಿಯಲಿಲ್ಲ. ಇಂಜಿನ್ನಿನ ವ್ಯಾಕ್ಯೂಮ್ ಪಂಪೂ 25 ಇಂಚಿಗಿಂತ ಮೇಲೆ ಕೊಡುತ್ತಿತ್ತು. ಅಂದ ಮೇಲೆ ಟರ್ಬೋ ತಪ್ಪೇನು?

ಅವತ್ತು ರಾತ್ರಿ ಕೂತು, ಹುಡುಗ ಉಳಿಸಿಟ್ಟಿದ್ದ ರೀಡಿಂಗ್‌ಗಳನ್ನು ಮತ್ತೆ ನೋಡಿದೆ. ಅಲ್ಲಿತ್ತು ಸುಳಿವು. ಬೂಸ್ಟ್ ಬಿದ್ದ ಹೊತ್ತಿನಲ್ಲೂ ಒಳಬರುವ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರಿನ ಅಂಕಿ ಬಿದ್ದಿರಲಿಲ್ಲ, ಬದಲಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಟರ್ಬೋ ತಿರುಗದಿದ್ದರೆ, ಇಲ್ಲ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದು ಸಿಕ್ಕಿಕೊಂಡಿದ್ದರೆ, ಏರ್ ಫಿಲ್ಟರ್ ಕಡೆಯಿಂದ ಬರುವ ಗಾಳಿಯೂ ಕಡಿಮೆಯಾಗಬೇಕು ಅಲ್ವಾ? ಗಾಳಿ ಒಳಗೆ ಬರುತ್ತಿದೆ, ಲೆಕ್ಕಕ್ಕೂ ಸಿಗುತ್ತಿದೆ, ಮ್ಯಾನಿಫೋಲ್ಡ್ ಮುಟ್ಟುತ್ತಿಲ್ಲ. ಅಂದರೆ ದಾರಿಯಲ್ಲೇ ಸೋರುತ್ತಿದೆ. ಆ ಕಪ್ಪು ಹೊಗೆಗೂ ಕಾರಣ ಅದೇ. ಇಲ್ಲದ ಗಾಳಿಯನ್ನು ನಂಬಿ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಡೀಸೆಲ್ ಸುರಿಯುತ್ತಿತ್ತು.

ಸರಿ, ಪ್ರೆಶರ್ ಟೆಸ್ಟ್. ಟರ್ಬೋ ಬಾಯಿಗೆ ಮುಚ್ಚಳ, ಅದಕ್ಕೊಂದು ಟೈರ್ ವಾಲ್ವ್, ಕಂಪ್ರೆಸರಿಗೆ ರೆಗ್ಯುಲೇಟರ್. ಒಂದು ಬಾರ್ ದಾಟಿಸುವುದಿಲ್ಲ. ಇಂಜಿನ್ ಒಳಗಿನ ಎಣ್ಣೆ ಆವಿ ಹೊರಬಿಡುವ ಬ್ರೀದರ್ ಪೈಪ್ ಬಂದ್ ಮಾಡಿ, ಆಯಿಲ್ ಮುಚ್ಚಳ ತೆಗೆದಿಡಿ, ಇಲ್ಲದಿದ್ದರೆ ಕ್ರ್ಯಾಂಕ್ ಸೀಲಿಗೆ ಕುತ್ತು. ಆಯಿಲ್ ಬಾಯಿಯಿಂದ ಸ್ವಲ್ಪ ಹುಸ್ ಅನ್ನುವುದು ಪಿಸ್ಟನ್ ರಿಂಗ್‌ಗಳ ಸಂದಿನ ಗಾಳಿ, ಅದಕ್ಕೆ ಹೆದರಬೇಡಿ. ಸೈಲೆನ್ಸರಿನಿಂದ ಜೋರಾಗಿ ಬಂದರೆ ವಾಲ್ವ್‌ಗಳು ತೆರೆದಿರುತ್ತವೆ, ಕ್ರ್ಯಾಂಕ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಮುಚ್ಚಳವನ್ನು ಮಾತ್ರ ಗಟ್ಟಿಯಾಗಿ ಕಟ್ಟಿ. ನನ್ನದು ಒಮ್ಮೆ ಹಾರಿ ಇನ್ನೊಬ್ಬರ ಗಾಡಿಯ ಹೆಡ್‌ಲೈಟ್ ಒಡೆದಿತ್ತು. ಆ ತಿಂಗಳ ಲಾಭ ಆ ಗಾಜಿಗೇ ಹೋಯಿತು. ಆಮೇಲೆ ಹಾರದ ಹಾಗೆ ಒಂದು ಉಪಾಯ ಮಾಡಿಕೊಂಡೆ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದರಲ್ಲೇ ನನ್ನ ಎರಡು ಕಾಸು ಇದೆ.

ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಾಕಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಳಿಸಿ, ಬಾಯಿ ಕಟ್ಟಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಕೂಡುವ ಅಂಚು ಸಾಮಾನ್ಯವಾಗಿ ಕೈ ಕೊಡುವ ಜಾಗ. ಅದೂ ಗಟ್ಟಿ.

ನಡುವೆ ಒಂದು ಹುಚ್ಚು ಪ್ರಯೋಗ. ಸೋರಿಕೆ ಹುಡುಕಲು ಹೊಗೆ ಬಿಡುವ ಮೆಷಿನ್ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಖಾಲಿ ಪೇಂಟ್ ಡಬ್ಬ, ಹಳೇ ಗ್ಲೋ ಪ್ಲಗ್ (ಡೀಸೆಲ್ ಇಂಜಿನ್ ಸ್ಟಾರ್ಟ್ ಮಾಡುವಾಗ ಬಿಸಿ ಕೊಡುವ ಕಡ್ಡಿ), ಬೇಬಿ ಆಯಿಲ್, ಒಂದು ಬ್ಯಾಟರಿ, ಇಷ್ಟರಲ್ಲೇ ಒಂದು ಮಾಡಿಕೊಂಡೆ. ಹೊಗೆ ಸೊಗಸಾಗಿ ಬಂತು. ಮೊದಲನೇ ಡಬ್ಬ ಮಾತ್ರ ಎಣ್ಣೆ ಕಡಿಮೆಯಾಗಿ ಸುಟ್ಟು ಹೋಯಿತು. ಎರಡನೆಯದು ಇವತ್ತಿಗೂ ಇದೆ, ಇಂಟೇಕ್ ಸೋರಿಕೆಗೆ ಬೆಣ್ಣೆಯಂಥ ಸಾಧನ. ಆದರೆ ಈ ಗಾಡಿಯಲ್ಲಿ ಅದಕ್ಕೂ ಏನೂ ಕಾಣಲಿಲ್ಲ. ಹೊಗೆಗೆ ಒತ್ತಡ ಎಲ್ಲಿದೆ? ಒತ್ತಿದಾಗ ಮಾತ್ರ ಬಾಯಿ ಬಿಡುವ ಸೀಳಿಗೆ ಹೊಗೆ ಸಾಲದು.

ನನಗೆ ಕೆಲಸ ಕಲಿಸಿದ ಗುರುಗಳು ಅಷ್ಟರಲ್ಲಿ ಬಂದು ನೋಡಿದರು. “ಒಂದು ಬಾರ್ ಹಿಡಿದು ನಿಂತಿದೆ ಅಂದ್ರೆ ಸೋರಿಕೆ ಇಲ್ಲ ಕಣಯ್ಯ. ಸುಮ್ನೆ ಟರ್ಬೋ ಹಾಕು” ಅಂದರು. ನಾನು, “ಗುರುಗಳೇ, ಗಾಡಿ ತಣ್ಣಗಿದ್ದಾಗ ಸರಿಯಾಗೇ ಓಡುತ್ತೆ. ತಣ್ಣಗಿದ್ದಾಗ ಟೆಸ್ಟ್ ಮಾಡಿದರೆ ಸರಿಯಾಗೇ ಕಾಣುತ್ತೆ. ಬಿಸಿಯಲ್ಲಿ ನೋಡ್ತೀನಿ” ಅಂದೆ. ನಕ್ಕು ಸುಮ್ಮನಾದರು.

ಬಿಸಿ ಇಂಜಿನ್ನಿನ ಮೇಲೆ ಎಲ್ಲ ಕಡೆ ಕೈ ಆಡಿಸಲು ಆಗುವುದಿಲ್ಲ. ಮೊದಲು ಯಾವ ಹೋಸ್ ಅನ್ನುವುದು ಗೊತ್ತಾಗಬೇಕಿತ್ತು. ಎಣ್ಣೆಯ ಜಿಡ್ಡನ್ನು ನಂಬಿ ಕೂರುವ ಹಾಗಿಲ್ಲ, ಬ್ರೀದರಿನಿಂದ ಬಂದ ಜಿಡ್ಡು ಹಳೇ ಗಾಡಿಗಳಲ್ಲಿ ಎಲ್ಲ ಕಡೆ ಇರುತ್ತದೆ. ಹೋಸ್‌ಗಳನ್ನೆಲ್ಲ ಒರೆಸಿ, ಒಣಗಿಸಿ, ಬಿಳಿ ಪುಡಿಯ ತೆಳು ಲೇಪ ಹಚ್ಚಿದೆ. ಬರೀ ಪುಡಿ ಉದುರಿಸಿದರೆ ಗಾಳಿಗೆ ಹಾರಿಹೋಗುತ್ತದೆ, ಹಿಡಿದು ನಿಲ್ಲಲು ಅದಕ್ಕೆ ಒಂದು ವಸ್ತು ಬೆರೆಸಬೇಕು. ಅದು ಏನು ಅನ್ನುವುದು ನನ್ನ ಹತ್ತಿರವೇ ಇರಲಿ. ನಾಲ್ಕು ಸಲ ಮಾಡಿ ನೋಡಿ, ನಿಮಗೂ ಹೊಳೆಯುತ್ತದೆ. ಗುರುಗಳು ಬಾಗಿಲಲ್ಲೇ ನಿಂತು, “ಏನಪ್ಪಾ, ಪೌಡರ್ ಹಚ್ಚಿ ಮದುವೆ ಮಾಡ್ತೀಯಾ ಇದಕ್ಕೆ?” ಅಂದರು.

ಮೂವತ್ತು ಕಿಲೋಮೀಟರ್ ಓಡಿಸಿ, ಏರಿನಲ್ಲಿ ಐದಾರು ಸಲ ಒತ್ತಿ ತಂದೆವು. ಬಾನೆಟ್ ಎತ್ತಿ ನೋಡಿದರೆ ಮೇಲಿನ ಹೋಸ್ ಬೆಳ್ಳಗೇ ಇದೆ. ಹುಡುಗ ಕನ್ನಡಿ ಹಿಡಿದು ಕೆಳಗೆ ತೂರಿದ. “ಅಣ್ಣಾ, ಇಲ್ಲಿ ಪುಡಿ ಹಾರಿದೆ!” ಇಂಟರ್‌ಕೂಲರಿನಿಂದ ಮೇಲೆ ಬರುವ ಹೋಸಿನ ಅಡಿಭಾಗ, ಕ್ಲಾಂಪಿನಿಂದ ಎರಡು ಬೆರಳು ದೂರ. ಬೀಸಣಿಗೆಯ ಆಕಾರದಲ್ಲಿ ರಬ್ಬರ್ ಕಪ್ಪಗೆ ಕಾಣುತ್ತಿತ್ತು. ಆದರೆ ಸೀಳು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಬಿಸಿ ಆರುವ ಮೊದಲೇ ಮುಚ್ಚಳ ಕಟ್ಟಿ ಗಾಳಿ ಬಿಟ್ಟೆ. ಒಂದು ಬಾರ್. ಆಗಲೂ ಸದ್ದಿಲ್ಲ! ನನ್ನ ಎದೆ ಧಸಕ್ ಅಂದಿತು. ಆಮೇಲೆ ಹೊಳೆಯಿತು, ಒತ್ತಿದಾಗ ಇಂಜಿನ್ ಒಂದು ಕಡೆ ವಾಲುತ್ತದಲ್ಲ! ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೇಲಿನ ಮೌಂಟಿಂಗ್ ಹತ್ತಿರ ಮರದ ತುಂಡು ಕೊಟ್ಟು, ಲಿವರಿನಿಂದ ಇಂಜಿನ್ನನ್ನು ಮೆಲ್ಲಗೆ ಹಿಂದಕ್ಕೆ ವಾಲಿಸು ಅಂತ ಹುಡುಗನಿಗೆ ಹೇಳಿದೆ. ವಾಲಿಸಿದ್ದೇ ತಡ, ಹುಸ್ಸ್! ಮುಳ್ಳು ಒಂದು ಬಾರ್‌ನಿಂದ ಅರ್ಧಕ್ಕೆ ಬಿತ್ತು. ಬಿಟ್ಟರೆ ಬಂದ್, ವಾಲಿಸಿದರೆ ಹುಸ್. ಸುಮಾರು ಒಂದು ಸೆಂಟಿಮೀಟರಿನ ಸೀಳು. ಹೋಸ್ ನೆಟ್ಟಗಿದ್ದಾಗ ಅದರ ತುಟಿಗಳು ಅಂಟಿಕೊಂಡು ಗಾಳಿ ಬಿಡುತ್ತಿರಲಿಲ್ಲ. ರಬ್ಬರ್ ಬಿಸಿಯಾಗಿ ಮೆತ್ತಗಾಗಬೇಕು, ಹೋಸ್ ಎಳೆಯಬೇಕು, ಒಳಗೆ ಒತ್ತಡ ಇರಬೇಕು. ಮೂರೂ ಕೂಡಿದರೆ ಮಾತ್ರ ಸೋರಿಕೆ. ಮೂರರಲ್ಲಿ ಎರಡನ್ನೇ ನೋಡಿದ್ದರೂ ನನಗೆ ಸಿಗುತ್ತಿರಲಿಲ್ಲ.

ಹೊಸ ಹೋಸ್ ಹಾಕಿದೆ. ಅದರ ಬೆಲೆ ನಾನು ತಂದ ಹಳೇ ಟರ್ಬೋ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ. 2200 ಕೇಳಿದರೆ 2170, 2180 ಬರುತ್ತಿತ್ತು. ಗುರುಗಳಿಗೆ ಫೋನ್ ಮಾಡಿ ಹೇಳುವಾಗ ದನಿ ಸ್ವಲ್ಪ ಜೋರಾಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ.

ಎರಡೂವರೆ ತಿಂಗಳಿಗೆ ಗಾಡಿ ವಾಪಸ್. ಅದೇ ಕೋಡ್. ಹೊಸ ಹೋಸ್ ಅದೇ ಜಾಗದಲ್ಲಿ ಸೀಳುತ್ತಿತ್ತು. ಇಂಜಿನ್ ವಾಲಿದರೆ ಹೋಸ್ ಎಳೆಯುತ್ತದೆ ಅಂತ ಕಣ್ಣಾರೆ ಕಂಡವನು, ಅಷ್ಟೊಂದು ಯಾಕೆ ವಾಲುತ್ತದೆ ಅಂತ ಕೇಳಿಕೊಂಡಿರಲೇ ಇಲ್ಲ! ಕೆಳಗಿನ ಮೌಂಟಿಂಗಿನ ರಬ್ಬರ್ ಪೂರ್ತಿ ಹರಿದಿತ್ತು. ಮೌಂಟಿಂಗೂ ಇನ್ನೊಂದು ಹೋಸೂ ಹಾಕಿ ಕಳಿಸಿದೆ. ಎರಡನೇ ಹೋಸಿನ ದುಡ್ಡು ನನ್ನದೇ. ವರ್ಷ ದಾಟಿತು, ಮತ್ತೆ ಬಂದಿಲ್ಲ.

ಅಲ್ಲಿಂದೀಚೆಗೆ ಹತ್ತು ಹನ್ನೆರಡು ಗಾಡಿಗಳನ್ನು ಹೀಗೇ ನೋಡಿದ್ದೇನೆ. ಅದರಲ್ಲಿ ಏಳೆಂಟು ಹೋಸ್, ಇಂಟರ್‌ಕೂಲರ್, ವ್ಯಾಕ್ಯೂಮ್ ಪೈಪಿನ ಕೇಸು. ಎರಡರಲ್ಲಿ ವೇನ್‌ಗಳು ಮಸಿ ಹಿಡಿದು ಸಿಕ್ಕಿಕೊಂಡಿದ್ದವು. ಟರ್ಬೋ ನಿಜವಾಗಿ ಹೋಗಿದ್ದದ್ದು ಒಂದೇ ಒಂದು. ಪೆಟ್ರೋಲ್ ಗಾಡಿಯಲ್ಲಿ ಮ್ಯಾಫ್ ಲೆಕ್ಕಕ್ಕಿಂತ ಮೊದಲು, ಹೆಚ್ಚಿನ ಹೊಗೆಯನ್ನು ಟರ್ಬೋ ತಪ್ಪಿಸಿ ಬಿಡುವ ವೇಸ್ಟ್‌ಗೇಟ್ ಪೂರ್ತಿ ಮುಚ್ಚುತ್ತದೆಯೇ, ಎಕ್ಸಲರೇಟರ್ ಬಿಟ್ಟಾಗ ಬೂಸ್ಟ್ ಹೊರಬಿಡುವ ಡೈವರ್ಟರ್ ವಾಲ್ವಿನ ಡಯಾಫ್ರಾಮ್ ಹರಿದಿದೆಯೇ ನೋಡುತ್ತೇನೆ. ಸೂಪರ್‌ಚಾರ್ಜರ್ ಇರುವ ಗಾಡಿ, ಅಂದರೆ ಹೊಗೆಯ ಬದಲು ಬೆಲ್ಟಿನಿಂದ ಗಾಳಿಯ ಪಂಪು ತಿರುಗುವಂಥದ್ದು, ನನಗೆ ಸಿಕ್ಕಿದ್ದು ಒಂದೇ. ಅದರಲ್ಲಿ ಬೆಲ್ಟ್ ಹೊಳಪು ಬಂದು ಜಾರುತ್ತಿತ್ತು. ಪುಲ್ಲಿ ಮೇಲೂ ಬೆಲ್ಟ್ ಮೇಲೂ ಒಂದೊಂದು ಗೆರೆ ಎಳೆದು, ರೇಸ್ ಮಾಡಿ ನಿಲ್ಲಿಸಿ ನೋಡೋಣ ಅಂದುಕೊಂಡೆ. ಬೆಲ್ಟ್ ಉದ್ದವೇ ಬೇರೆ, ಪುಲ್ಲಿ ಸುತ್ತಳತೆಯೇ ಬೇರೆ, ಗೆರೆಗಳು ಹೇಗೂ ಕೂಡುವುದಿಲ್ಲ ಅಂತ ಆಮೇಲೆ ಹೊಳೆಯಿತು. ಕೊನೆಗೆ ಹಿಡಿದು ಕೊಟ್ಟಿದ್ದು ಬೆಲ್ಟಿನ ಸುಟ್ಟ ವಾಸನೆ.

ಗುರುಗಳು ಹೋದ ತಿಂಗಳು ಒಂದು ಗಾಡಿ ಕಳಿಸಿದ್ದರು. “ಆ ನಿನ್ನ ಪೌಡರ್ ಸ್ವಲ್ಪ ಕೊಡಯ್ಯ” ಅಂತ ಹುಡುಗನ ಕೈಲಿ ಹೇಳಿ ಕಳಿಸಿದ್ದರು. ಬೆರೆಸಿದ್ದನ್ನು ಡಬ್ಬದಲ್ಲಿ ಹಾಕಿ ಕೊಟ್ಟೆ, ಏನು ಬೆರೆಸಿದ್ದು ಅಂತ ಹೇಳಲಿಲ್ಲ. ಆ ಸೆಕೆಂಡ್ ಹ್ಯಾಂಡ್ ಟರ್ಬೋ ಇನ್ನೂ ನನ್ನ ಕಪಾಟಿನಲ್ಲೇ ಕೂತಿದೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಸ್ಟಾಪ್ ಸ್ಕ್ರೂ ಮುಟ್ಟಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.