ಇಂದು ಇಬ್ಬರಿಗೆ, ನಾಳೆ ಆರು ಮಂದಿಗೆ: ನಿವೃತ್ತಿಯ ಮನೆಗೆ ನಕ್ಷೆ ಹಾಕುವುದು ಹೇಗೆ?

ನಿವೃತ್ತಿಯ ಹೊತ್ತಿಗೆ ಮನೆ ಕಟ್ಟಿಸುವವರ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಅತಿರೇಕಗಳು ಕಾಣುತ್ತವೆ. ‘ಇನ್ನು ನಾವಿಬ್ಬರೇ ತಾನೆ’ ಎಂದು ಒಂದು ಕೋಣೆ, ಒಂದು ಹಾಲ್‌ಗೆ ಕೈ ತೊಳೆದುಕೊಳ್ಳುವುದು ಒಂದು. ‘ಮಕ್ಕಳು ಮೊಮ್ಮಕ್ಕಳು ಬಂದರೆ?’ ಎಂದು ಮೇಲೊಂದು ಮಹಡಿ ಎಬ್ಬಿಸಿ, ಅಪರೂಪಕ್ಕೆ ಬಾಗಿಲು ತೆರೆಯುವ ನಾಲ್ಕು ಕೋಣೆಗಳನ್ನು ವರ್ಷಪೂರ್ತಿ ಗುಡಿಸುತ್ತ ಕೂರುವುದು ಇನ್ನೊಂದು. ಮೊದಲನೆಯದು ಇಂದಿನ ಕುಟುಂಬಕ್ಕೆ ಕಟ್ಟಿದ ಮನೆ, ಎರಡನೆಯದು ಕನಸಿನ ಕುಟುಂಬಕ್ಕೆ. ಅರವತ್ತರಲ್ಲಿ ಹೊಕ್ಕ ಮನೆಯಲ್ಲಿ ಇಪ್ಪತ್ತೈದು ವರ್ಷ ಬಾಳುವುದಾದರೆ ಅಲ್ಲಿರುವವರ ಸಂಖ್ಯೆ, ವಯಸ್ಸು, ಮೈಕಟ್ಟು ಎಲ್ಲವೂ ಬದಲಾಗುತ್ತವೆ. ಎಷ್ಟು ಕೋಣೆ ಬೇಕು ಎಂದು ಎಣಿಸುವ ಮೊದಲು ಕೇಳಬೇಕಾದ್ದು: ಯಾವುದನ್ನು ಈಗಲೇ ಗಟ್ಟಿ ಮಾಡಬೇಕು, ಯಾವುದನ್ನು ಸಡಿಲ ಬಿಡಬೇಕು?

ಡಚ್ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ 1960ರ ದಶಕದ ಆರಂಭದಲ್ಲೇ ಈ ಮಾತನ್ನು ಹೇಳಿದ್ದರು. ಕಟ್ಟಡದಲ್ಲಿ ಹೊತ್ತು ನಿಲ್ಲುವ ಭಾಗ ಬೇರೆ, ಅದರೊಳಗೆ ತುಂಬುವ ಭಾಗ ಬೇರೆ. ಮೊದಲನೆಯದು ತಲೆಮಾರುಗಟ್ಟಲೆ ನಿಲ್ಲಲಿ, ಎರಡನೆಯದನ್ನು ವಾಸಿಸುವವರು ಬೇಕಾದಾಗ ಬದಲಿಸಿಕೊಳ್ಳಲಿ ಎಂಬುದು ಅವರ ವಾದ. ಅವರು ಯೋಚಿಸಿದ್ದು ದೊಡ್ಡ ವಸತಿ ಸಮುಚ್ಚಯಗಳ ಬಗ್ಗೆ. ಒಂಟಿ ಮನೆಗೂ ಅದನ್ನೇ ಅನ್ವಯಿಸಬಹುದು. ಪಾಯ, ಪಿಲ್ಲರ್, ಸ್ಲ್ಯಾಬ್, ಕೊಳಚೆ ಪೈಪು, ಬಾಗಿಲಿನ ಅಗಲ ಇವು ಗಟ್ಟಿ. ಉಳಿದದ್ದೆಲ್ಲ ತುಂಬುವ ಸಾಮಾನು.

ಒಂದೇ ನಕ್ಷೆ, ಮೂರು ಕಾಲ

ಎಂಜಿನಿಯರ್ ಕೊಟ್ಟ ಮೊದಲ ನಕ್ಷೆಯ ಮೂರು ಪ್ರತಿ ತೆಗೆಸಿ. ಮೊದಲನೆಯದರ ಮೇಲೆ ‘ಈಗ’ ಎಂದು ಬರೆಯಿರಿ: ಗಟ್ಟಿಮುಟ್ಟಾದ ಇಬ್ಬರು. ಎರಡನೆಯದು ‘ಹತ್ತು ವರ್ಷದ ನಂತರ’: ಮಗನೋ ಮಗಳೋ ಸಂಸಾರಸಮೇತ ಬಂದು ನೆಲೆಸಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಮೂರನೆಯದು ‘ಇಪ್ಪತ್ತು ವರ್ಷದ ನಂತರ’: ನಿಮ್ಮಲ್ಲಿ ಒಬ್ಬರೇ ಉಳಿದಿದ್ದೀರಿ, ಗಾಲಿಕುರ್ಚಿಯಲ್ಲಿದ್ದೀರಿ, ರಾತ್ರಿ ಜೊತೆಗಿರಲು ಆರೈಕೆಯವರೊಬ್ಬರಿದ್ದಾರೆ. ಈಗ ಪೆನ್ಸಿಲ್ ಹಿಡಿದು ಮೂರರಲ್ಲೂ ಯಾರು ಎಲ್ಲಿ ಮಲಗುತ್ತಾರೆ, ಎಲ್ಲಿ ಸ್ನಾನ ಮಾಡುತ್ತಾರೆ, ಯಾವ ಬಾಗಿಲಿಂದ ಬರುತ್ತಾರೆ ಎಂದು ಗೆರೆ ಎಳೆಯಿರಿ. ಪಿಲ್ಲರ್ ಮತ್ತು ಬಚ್ಚಲುಗಳನ್ನು ಕದಲಿಸದೆ ಮೂರೂ ಕಾಲಗಳಿಗೆ ಒಗ್ಗುವ ನಕ್ಷೆ ಪಾಸು. ಎರಡಕ್ಕಷ್ಟೇ ಒಗ್ಗಿದರೆ ಎಂಜಿನಿಯರ್‌ಗೆ ವಾಪಸ್ ಕೊಡಿ. ಮೂರನೆಯ ಪ್ರತಿಯ ಮೇಲೆ ಪೆನ್ಸಿಲ್ ಇಡಲು ಬಹಳ ಮಂದಿಗೆ ಮನಸ್ಸಾಗುವುದಿಲ್ಲ, ಸಹಜ. ಆದರೆ ನಿಜವಾಗಿ ಮನೆಯ ಗುಣ ಹೊರಬೀಳುವುದು ಅದರಲ್ಲೇ.

ನೆಲಮಹಡಿಯಲ್ಲೇ ಇಡೀ ದಿನ

ಮಹಡಿ ಇರಲಿ, ಇಲ್ಲದಿರಲಿ, ಒಂದು ಮಲಗುವ ಕೋಣೆ, ಪೂರ್ತಿ ಸ್ನಾನಗೃಹ, ಅಡುಗೆಮನೆ, ಬಟ್ಟೆ ಒಗೆಯುವ ಜಾಗ ನೆಲಮಹಡಿಯಲ್ಲೇ ಇರಬೇಕು. ಹೊರಗಿನಿಂದ ಒಳಗೆ ಬರಲು ಕನಿಷ್ಠ ಒಂದು ದಾರಿಯಲ್ಲಿ ಮೆಟ್ಟಿಲು ಇರಬಾರದು. ಇಳಿಜಾರಿನ ಲೆಕ್ಕ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮನೆಯ ನೆಲ ಅಂಗಳಕ್ಕಿಂತ 2 ಅಡಿ ಮೇಲಿದ್ದರೆ 24 ಅಡಿ ಇಳಿಜಾರು ಬೇಕು, ಅದರ ಮೇಲೂ ಕೆಳಗೂ ಐದೈದು ಅಡಿಯ ಸಮತಟ್ಟು. ಮನೆ ಕಟ್ಟಿ ಮುಗಿದ ಮೇಲೆ ಅಷ್ಟು ಜಾಗ ಎಲ್ಲಿಂದ ತರುತ್ತೀರಿ? ಪಾಯದ ಎತ್ತರ ನಿರ್ಧಾರವಾಗುವ ಮೊದಲೇ ಅಂಗಳದ ಮಟ್ಟವನ್ನು ಏರಿಸಿ, ಬಾಗಿಲವರೆಗೆ 1:20ರ ಮೆಲು ಏರಿನ ಹಾದಿ ಮಾಡಿದರೆ ಅದು ಯಾರ ಕಣ್ಣಿಗೂ ರ‍್ಯಾಂಪ್ ಎನ್ನಿಸುವುದೇ ಇಲ್ಲ. ಮಗುವಿನ ತಳ್ಳುಗಾಡಿ, ಸೂಟ್‌ಕೇಸು, ಗ್ಯಾಸ್ ಸಿಲಿಂಡರ್ ಎಲ್ಲವೂ ಅದರ ಮೇಲೇ ಬರುತ್ತವೆ.

ಬಾಗಿಲ ಅಳತೆಯಲ್ಲಿ ಮೋಸ ಹೋಗಬೇಡಿ

ನಕ್ಷೆಯಲ್ಲಿ ‘3 ಅಡಿ ಬಾಗಿಲು’ ಎಂದು ಬರೆದಿರುತ್ತದೆ. ಎಷ್ಟೋ ಸಲ ಅದು ಚೌಕಟ್ಟಿನ ಹೊರ ಅಳತೆ. ಅದರಿಂದ ಎರಡೂ ಬದಿಯ ಚೌಕಟ್ಟಿನ ಮರ ಕಳೆಯಿರಿ, ಬಾಗಿಲು ತೆರೆದು ನಿಂತಾಗ ದಾರಿಗೆ ಚಾಚಿಕೊಳ್ಳುವ ಹಲಗೆಯ ದಪ್ಪವನ್ನೂ ಕಳೆಯಿರಿ. ಉಳಿಯುವುದು 29-30 ಇಂಚು. ಗಾಲಿಕುರ್ಚಿ ಸಲೀಸಾಗಿ ದಾಟಲು ಬೇಕಾದ ತೆರವು ಕನಿಷ್ಠ 32 ಇಂಚು. ಕುರ್ಚಿ ಅದಕ್ಕಿಂತ ಕಿರಿದೇ, ನಿಜ. ಆದರೆ ಚಕ್ರ ತಿರುಗಿಸುವ ಕೈಗಳ ಗೆಣ್ಣು ಚೌಕಟ್ಟಿಗೆ ಉಜ್ಜುತ್ತದೆ. ಆದ್ದರಿಂದ ನಕ್ಷೆಯಲ್ಲಿ 3 ಅಡಿ 4 ಇಂಚು ಎಂದೇ ಬರೆಸಿ, ಬಡಗಿಗೆ ‘ತೆರವು ಎಷ್ಟು ಸಿಗುತ್ತದೆ?’ ಎಂದು ಕೇಳಿ. ಓಡಾಡುವ ಓಣಿ 4 ಅಡಿ ಇದ್ದರೆ ಒಳ್ಳೆಯದು. ಹೊಸ್ತಿಲು ನೆಲಕ್ಕೆ ಸಮವಾಗಿರಲಿ.

ಗಾಲಿಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು 5 ಅಡಿ ವ್ಯಾಸದ ಜಾಗ ಬೇಕು. ಹಗ್ಗದ ತುದಿಗೆ ಸೀಮೆಸುಣ್ಣ ಕಟ್ಟಿ, ಎರಡೂವರೆ ಅಡಿ ಅಂತರದಲ್ಲಿ ನೆಲದ ಮೇಲೆ ಒಂದು ವೃತ್ತ ಎಳೆದು ನೋಡಿ. ಕಾಗದದ ಮೇಲೆ ಧಾರಾಳವೆನಿಸಿದ ಬಚ್ಚಲಲ್ಲಿ ಆ ವೃತ್ತ ಕಮೋಡನ್ನೂ ವಾಶ್‌ಬೇಸಿನ್ನನ್ನೂ ಒಟ್ಟಿಗೆ ನುಂಗುತ್ತದೆ. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ಈ ಮೂರರಲ್ಲಿ ವೃತ್ತ ಹಿಡಿಸಬೇಕು. ಬೇರೆಡೆ ರಾಜಿ ಮಾಡಿಕೊಳ್ಳಬಹುದು.

ಬಚ್ಚಲಿಗೆ ಒಂದು ವಾರ ಕೊಡಿ

ಮುಂಬಾಗಿಲ ಕೆತ್ತನೆಗೆ ತಿಂಗಳುಗಟ್ಟಲೆ ಹುಡುಕುವವರು ಬಚ್ಚಲನ್ನು ಪ್ಲಂಬರ್‌ಗೆ ಬಿಟ್ಟು ಕೂರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ಎರಡನೆಯ ದೊಡ್ಡ ಕಾರಣ ಬೀಳುವುದು. ಒದ್ದೆ ನೆಲ, ಇಕ್ಕಟ್ಟು, ಒಂಟಿ ಕಾಲ ಮೇಲೆ ನಿಲ್ಲುವ ಕೆಲಸ ಮೂರೂ ಕೂಡುವ ಜಾಗ ಬಚ್ಚಲು.

ಸ್ನಾನದ ಜಾಗಕ್ಕೆ ಕಟ್ಟೆ ಬೇಡ. ನೀರು ಹೊರಗೆ ಬಾರದಂತೆ ನೆಲವೇ ನೀರು ಹರಿದುಹೋಗುವ ತೂತಿನ ಕಡೆಗೆ 1:50ರಷ್ಟು ಇಳಿಯಬೇಕು, ಅಂದರೆ 5 ಅಡಿಗೆ ಸುಮಾರು ಒಂದೂಕಾಲು ಇಂಚು. ಇದಕ್ಕೆ ಸ್ಲ್ಯಾಬನ್ನೇ ಆ ಭಾಗದಲ್ಲಿ ತಗ್ಗಿಸಿ ಹಾಕಬೇಕು. ಟೈಲ್ಸ್ ಹಾಕುವ ದಿನ ನೆನಪಾದರೆ ಪ್ರಯೋಜನವಿಲ್ಲ. ಟೈಲ್ಸ್ ಆರಿಸುವಾಗ ಅಂಗಡಿಯವರು ಹೇಳುವ ‘ಆ್ಯಂಟಿ ಸ್ಕಿಡ್’ ಎಂಬ ಮಾತಿಗೆ ತೃಪ್ತರಾಗದೆ, ಡಬ್ಬದ ಮೇಲೆ R10 ಅಥವಾ R11 ಇದೆಯೇ ನೋಡಿ. ಜಾರದಿರುವ ಗುಣವನ್ನು ಅಳೆಯುವ ಈ ಜರ್ಮನ್ ಶ್ರೇಣಿ R9ರಿಂದ R13ರವರೆಗಿದೆ.

ಬೀಳದಂತೆ ಆಧಾರಕ್ಕೆ ಹಿಡಿಯುವ ಹಿಡಿಕೆಗಳನ್ನು ಈಗಲೇ ಹಾಕಿಸಬೇಕೆಂದೇನಿಲ್ಲ. ಅವು ಕೂರುವ ಗೋಡೆ ಮಾತ್ರ ಈಗಲೇ ತಯಾರಿರಬೇಕು. ಹಿಡಿಕೆಯ ಎತ್ತರ ನೆಲದಿಂದ 33ರಿಂದ 36 ಇಂಚು. ಅದು ಸುಮಾರು 113 ಕಿಲೊ ಭಾರ ತಡೆಯಬೇಕೆಂಬುದು ಅಮೆರಿಕದ ನಿಯಮ. ಟೊಳ್ಳು ಬ್ಲಾಕಿನ ಗೋಡೆಗೆ ಬಡಿದ ಸ್ಕ್ರೂ ಅಷ್ಟು ಭಾರಕ್ಕೆ ಕಿತ್ತು ಬರುತ್ತದೆ. ಕಮೋಡ್ ಮತ್ತು ಶವರ್ ಸುತ್ತಲಿನ ಗೋಡೆಯಲ್ಲಿ ಎರಡೂವರೆ ಅಡಿಯಿಂದ ಮೂರೂವರೆ ಅಡಿ ಎತ್ತರದವರೆಗೆ ಗಟ್ಟಿ ಇಟ್ಟಿಗೆಯನ್ನೋ ಕಾಂಕ್ರೀಟ್ ಪಟ್ಟಿಯನ್ನೋ ಹಾಕಿಸಿ. ಅಂದಹಾಗೆ, ಟವೆಲ್ ಕಂಬಿ ಹಿಡಿಕೆಯಲ್ಲ. ಆದರೆ ಜಾರುವ ಮನುಷ್ಯ ಕೈಗೆ ಸಿಕ್ಕಿದ್ದನ್ನೇ ಹಿಡಿಯುತ್ತಾನೆ, ಹಾಗಾಗಿ ಅದನ್ನೂ ಅಷ್ಟೇ ಗಟ್ಟಿಯಾಗಿ ಕೂರಿಸುವುದು ಲೇಸು.

ಕಮೋಡ್ ಕುಳಿತುಕೊಳ್ಳುವ ಎತ್ತರ 17ರಿಂದ 19 ಇಂಚು ಇರಲಿ, ಒಂದು ಪಕ್ಕದಲ್ಲಿ 3 ಅಡಿ ಖಾಲಿ ಬಿಡಿ. ಗಾಲಿಕುರ್ಚಿಯಿಂದ ಪಕ್ಕಕ್ಕೆ ಜರುಗಿ ಕೂರಲು ಅದು ಬೇಕು. ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಪಕ್ಕಕ್ಕೆ ಸರಿಯಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾರರು. ಬಿಸಿನೀರಿನದ್ದೂ ಒಂದು ಮಾತು: 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ, 49 ಡಿಗ್ರಿಗೆ ಹಲವು ನಿಮಿಷ ಬೇಕು. ಅಜ್ಜಿಯ ಕೈ ತಡವಾಗಿ ಹಿಂದೆ ಸರಿಯುತ್ತದೆ, ಮೊಮ್ಮಗುವಿನ ಚರ್ಮ ತೆಳು. ಉಷ್ಣತೆ ನಿಯಂತ್ರಿಸುವ ಮಿಕ್ಸರ್ ಇಬ್ಬರನ್ನೂ ಕಾಯುತ್ತದೆ.

ಒಡೆಯಲೆಂದೇ ಕಟ್ಟುವ ಗೋಡೆ

ಎರಡು ಕೋಣೆಗಳನ್ನು ಮುಂದೊಂದು ದಿನ ಸೇರಿಸಬೇಕಾಗಬಹುದು, ಪಕ್ಕದಲ್ಲಿ ಹೊಸ ಕೋಣೆ ಎತ್ತಬೇಕಾಗಬಹುದು. ಆ ಬಾಗಿಲು ಎಲ್ಲಿ ಬರುತ್ತದೆಂದು ಈಗಲೇ ಗೊತ್ತು ಮಾಡಿ, ಅಲ್ಲಿ ಲಿಂಟಲ್ (ಬಾಗಿಲ ಮೇಲೆ ಗೋಡೆಯ ಭಾರ ಹೊರುವ ಅಡ್ಡಪಟ್ಟಿ) ಹಾಕಿಸಿಬಿಡಿ. ಅದರ ಕೆಳಗಿನ ಜಾಗವನ್ನು ಇಟ್ಟಿಗೆಯಿಂದ ಮುಚ್ಚುವಾಗ ಅಕ್ಕಪಕ್ಕದ ಗೋಡೆಯೊಂದಿಗೆ ಹಲ್ಲು ಕಚ್ಚಿಸದೆ ನೇರ ಸಂದು ಬಿಡಲು ಮೇಸ್ತ್ರಿಗೆ ಹೇಳಿ. ಆ ತುಂಡಿನೊಳಗೆ ವಯರು, ಪೈಪು ಯಾವುದೂ ಹೋಗಬಾರದು. ಹತ್ತು ವರ್ಷದ ನಂತರ ಅದನ್ನು ತೆಗೆಯುವುದು ಹೆಚ್ಚೆಂದರೆ ಎರಡು ದಿನದ ಕೆಲಸ. ಸ್ಲ್ಯಾಬಿಗೆ ಆಸರೆ ಕೊಡುವ, ಬೀಮ್ ಕತ್ತರಿಸುವ ಗೋಜಿಲ್ಲ. ಇದೆಲ್ಲ ಸಾಧ್ಯವಾಗಲು ಭಾರ ಪಿಲ್ಲರ್-ಬೀಮ್‌ಗಳ ಮೇಲಿರಬೇಕು, ಒಳಗೋಡೆಗಳ ಮೇಲಲ್ಲ.

ಲಿಫ್ಟ್‌ಗೂ ಇದೇ ಉಪಾಯ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಲೈಫ್‌ಟೈಮ್ ಹೋಮ್ಸ್’ ಮಾನದಂಡದಲ್ಲಿ ಮಹಡಿಗೆ ಮುಂದೆ ಲಿಫ್ಟ್ ಹೋಗಬಲ್ಲ ಜಾಗವನ್ನು ಮೊದಲೇ ಗುರುತಿಸಬೇಕೆಂಬ ಅಂಶವಿತ್ತು. ಕೆಳಗೊಂದು, ನೇರ ಅದರ ಮೇಲೊಂದು 5 ಅಡಿ ಚೌಕದ ಉಗ್ರಾಣ ಮಾಡಿಕೊಳ್ಳಿ. ಮಧ್ಯದ ಸ್ಲ್ಯಾಬಿನಲ್ಲಿ ಸುತ್ತ ಬೀಮ್ ಕೊಟ್ಟು ತೆರಪು ಬಿಟ್ಟು, ಅದನ್ನು ಬೇರೆಯಾಗಿಯೇ ಮುಚ್ಚಿಸಿ. ಅಲ್ಲಿಗೆ ಒಂದು ವಿದ್ಯುತ್ ಪೈಪೂ ಬಂದಿರಲಿ. ಲಿಫ್ಟ್ ಬೇಡವಾದರೆ ಉಗ್ರಾಣ ಉಳಿಯಿತು, ನಷ್ಟವಿಲ್ಲ.

ಮಹಡಿಯನ್ನೇ ಮುಂದೆ ಎಬ್ಬಿಸುವ ಯೋಚನೆಯಿದ್ದರೆ ಪಾಯ ಮತ್ತು ಪಿಲ್ಲರ್ ಲೆಕ್ಕ ಇಂದೇ ಆ ಭಾರಕ್ಕೆ ಆಗಬೇಕು. ತಾರಸಿಯ ಮೇಲೆ ಚಾಚಿಟ್ಟ ಕಬ್ಬಿಣವನ್ನು ಸಿಮೆಂಟು ಕಡಿಮೆಯಿರುವ ಬಡ ಕಾಂಕ್ರೀಟಿನಿಂದ ಮುಚ್ಚಿ; ಬಿಸಿಲು ಮಳೆಗೆ ಬಿಟ್ಟರೆ ತುಕ್ಕು ತಿಂದು, ಬೇಕಾದಾಗ ಕೆಲಸಕ್ಕೆ ಬಾರದು.

ಒಂದು ಸೂರು, ಎರಡು ಒಲೆ

ಕೂಡಿ ಬಾಳುವುದರಲ್ಲಿ ಪ್ರೀತಿಗಿಂತ ಮೊದಲು ಪರೀಕ್ಷೆಗೊಳಗಾಗುವುದು ಅಡುಗೆಮನೆ. ಎರಡನೆಯ ಒಲೆ ಬೇಕಾಗುತ್ತದೆಂದು ಈಗ ಬಾಯಿ ಬಿಟ್ಟು ಹೇಳಲು ಯಾರಿಗೂ ಮನಸ್ಸಿರುವುದಿಲ್ಲ. ಹೇಳಬೇಕಿಲ್ಲ, ಪೈಪು ಹಾಕಿಸಿದರೆ ಸಾಕು. ಶುದ್ಧ ನೀರು ಒತ್ತಡದಲ್ಲಿ ಎಲ್ಲಿಗೆ ಬೇಕಾದರೂ ಏರುತ್ತದೆ, ಕೊಳೆ ನೀರು ಇಳಿಜಾರಿನಲ್ಲಿ ಮಾತ್ರ ಹರಿಯುತ್ತದೆ. ಹಾಗಾಗಿ ಮುಂದೆ ಅಡುಗೆಮನೆಯಾಗಬಹುದಾದ ಕೋಣೆ ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟಿರಲಿ. ಅಲ್ಲಿಗೆ ನೀರಿನ ಪೈಪು, ಹೊರಹರಿವಿನ ಪೈಪು ಎರಡನ್ನೂ ಎಳೆದು ಬಿರಟೆ ಹಾಕಿ ಮುಚ್ಚಿಸಿ. ಬಿರಟೆ ಗಾಳಿಯಾಡದಂತಿರಬೇಕು: ಬಳಸದ ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಬಾಗು) ನೀರು ಆವಿಯಾಗಿ ಹೋದರೆ ಗಬ್ಬು ವಾಸನೆ ನೇರ ಕೋಣೆಗೆ ಬರುತ್ತದೆ. ಎಷ್ಟೋ ಕಡೆ ಎರಡನೆಯ ಅಡುಗೆಮನೆ ಇದ್ದರೆ ಅದನ್ನು ಎರಡನೆಯ ಮನೆ ಎಂದೇ ಪರಿಗಣಿಸುವ ನಿಯಮಗಳಿವೆ, ಪರವಾನಗಿ ಕೊಡುವ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮಹಡಿ ಮೆಟ್ಟಿಲು ಹಾಲ್‌ನ ನಡುವಿನಿಂದ ಏಳುವುದು ಚೆಂದ ಕಾಣುತ್ತದೆ, ಆದರೆ ನನ್ನ ಮತ ಮುಂಬಾಗಿಲ ಪಕ್ಕದ ಮೆಟ್ಟಿಲಿಗೆ. ಮುಂದೆ ಒಂದೇ ಒಂದು ಬಾಗಿಲು ಸೇರಿಸಿದರೆ ಮೇಲಿನದು ಸ್ವತಂತ್ರ ಮನೆಯಾಗುತ್ತದೆ; ಮಗನ ಸಂಸಾರಕ್ಕೂ ಆಯಿತು, ಬಾಡಿಗೆಗೂ ಆಯಿತು. ಮೆಟ್ಟಿಲಿನ ಎತ್ತರ 6-6.5 ಇಂಚು, ಅಗಲ 11-12 ಇಂಚು, ಎರಡೂ ಬದಿ ಕೈಯಾಸರೆಯ ಕಟಕಟೆ. ಕಂಬಿಗಳ ನಡುವಿನ ಸಂದು 4 ಇಂಚಿಗಿಂತ ಕಡಿಮೆಯಿದ್ದರೆ ಮಗುವಿನ ತಲೆ ತೂರದು. ಅಡ್ಡ ಕಂಬಿ ಬೇಡವೇ ಬೇಡ, ಮಕ್ಕಳಿಗೆ ಅದು ಏಣಿ.

ಸದ್ದಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಿರಿಯರ ಮಲಗುವ ಕೋಣೆಯ ಮೇಲೆ ಮಕ್ಕಳು ಕುಣಿಯುವ ಕೋಣೆ ಬಾರದಿರಲಿ. ಅಕ್ಕಪಕ್ಕದ ಎರಡು ಮಲಗುವ ಕೋಣೆಗಳ ನಡುವೆ ಬಟ್ಟೆಯ ಕಪಾಟುಗಳ ಸಾಲು ಬರಲಿ. ಒಂದೇ ಗೋಡೆಯ ಎರಡು ಬದಿ ಬೆನ್ನಿಗೆ ಬೆನ್ನು ಹಚ್ಚಿ ಸ್ವಿಚ್ ಪೆಟ್ಟಿಗೆ ಕೂರಿಸಿದರೆ ಆ ತೂತಿನಿಂದಲೇ ಮಾತು ಸೋರುತ್ತದೆ.

ಬೆಳಕು, ವಯರು

ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲಪುವುದರ ಮೂರನೆಯ ಒಂದು ಭಾಗದಷ್ಟು. ದೀಪದ ಪಾಯಿಂಟ್‌ಗಳನ್ನು ಧಾರಾಳವಾಗಿ ಬಿಡಿ, ಹಾಸಿಗೆಯಿಂದ ಬಚ್ಚಲವರೆಗಿನ ದಾರಿಗೆ ತಗ್ಗಿನಲ್ಲಿ ದೀಪವಿರಲಿ. ಸ್ವಿಚ್ 3ರಿಂದ 4 ಅಡಿ ಎತ್ತರದಲ್ಲಿ, ಪ್ಲಗ್ ಪಾಯಿಂಟ್ ಒಂದೂವರೆ ಅಡಿಗಿಂತ ಕೆಳಗೆ ಬೇಡ. ಪ್ರತಿ ಕೋಣೆಗೂ ಒಂದು ಖಾಲಿ ಕಂಡ್ಯೂಟ್ ಪೈಪು, ಒಳಗೊಂದು ಎಳೆದಾರ. ಮುಂದೆ ಯಾವ ಯಂತ್ರ ಬರುತ್ತದೋ ಅದರ ವಯರು ಅದರಲ್ಲಿ ಹೋಗುತ್ತದೆ.

ಕಾಗದಪತ್ರ

ಮಗಳು ಮಹಡಿಗೆ ಹಣ ಹಾಕಿದರೆ ಅದು ಸಾಲವೇ, ಉಡುಗೊರೆಯೇ, ಪಾಲೇ? ಇನ್ನೊಬ್ಬ ಮಗನಿಗೆ ಅದು ತಿಳಿದಿದೆಯೇ? ಕೂಡಿ ಬಾಳುವುದು ಒಗ್ಗದೆ ಒಬ್ಬರು ಹೊರಟರೆ ಅವರ ಹಣ ಹೇಗೆ ಹಿಂದಿರುಗುತ್ತದೆ? ಪಾಯ ತೆಗೆಯುವ ಮೊದಲು ಎಲ್ಲರನ್ನೂ ಕೂರಿಸಿ ಮಾತಾಡಿ, ವಕೀಲರ ಕೈಯಲ್ಲಿ ಬರೆಸಿ. ಮುಜುಗರ ಒಂದು ಸಂಜೆಯದು.

ಇನ್ನೊಂದು ಕಾಗದವೂ ಬೇಕು. ಗಾರೆ ಮಾಡುವ ಹಿಂದಿನ ದಿನ ಪ್ರತಿ ಗೋಡೆಯ, ಪ್ರತಿ ನೆಲದ ಫೋಟೊ ತೆಗೆಯಿರಿ. ಅಳತೆಪಟ್ಟಿಯೂ ಚಿತ್ರದಲ್ಲಿ ಕಾಣುವಂತಿರಲಿ. ಮುಚ್ಚಿದ ಪೈಪು ಎಲ್ಲಿದೆ, ಲಿಂಟಲ್ ಎಲ್ಲಿಂದ ಎಲ್ಲಿಗೆ, ಹಿಡಿಕೆಯ ಗಟ್ಟಿಪಟ್ಟಿ ಎಷ್ಟು ಎತ್ತರದಲ್ಲಿದೆ ಎಂದು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತಿಸಿ, ಕ್ರಯಪತ್ರದ ಜೊತೆ ಇಡಿ. ಒಂದು ಪ್ರತಿ ಮಕ್ಕಳ ಬಳಿಯೂ ಇರಲಿ. ಆ ಗೋಡೆಯನ್ನು ಒಡೆಸಬೇಕಾದವರು ಬಹುಶಃ ಅವರೇ.