ಐದು ಚುಕ್ಕಿ, ಒಂದೇ ಎಳೆ

ಧನುರ್ಮಾಸ ಬಂತೆಂದರೆ ಎದುರು ಮನೆಯ ಅಂಗಳದ ತುಂಬ ರಂಗೋಲಿ. ನಮ್ಮ ಬಾಗಿಲಲ್ಲಿ ಮಾತ್ರ ಅಂಗಡಿಯ ಸ್ಟಿಕ್ಕರ್. ನಿಮ್ಮದೂ ಇದೇ ಕಥೆಯಾದರೆ ಬಣ್ಣದ ನವಿಲಿನಿಂದ ಶುರು ಮಾಡಬೇಡಿ. ಐದು ಚುಕ್ಕಿಯ ಎಳೆ ರಂಗೋಲಿ ಸಾಕು.

ಮೊದಲು ನೆಲ. ಗುಡಿಸಿ, ತೊಳೆದು, ತೇವ ಮಾತ್ರ ಉಳಿದಾಗ ಕೂರಬೇಕು. ಪೂರ್ತಿ ಒಣಗಿದರೆ ಪುಡಿ ಗಾಳಿಗೆ ಹಾರುತ್ತದೆ, ನೀರು ನಿಂತಿದ್ದರೆ ಎಳೆ ಹರಡುತ್ತದೆ. ಮಣ್ಣಿನ ಅಂಗಳವಾದರೆ ಸಗಣಿಯಲ್ಲಿ ಸಾರಿಸಿ. ಅದರ ಮೇಲೆ ಬಿಳಿ ಎಳೆ ಎದ್ದು ಕಾಣುವಷ್ಟು ಸಿಮೆಂಟಿನ ಮೇಲೆ ಕಾಣಲ್ಲ.

ಅಂಗಡಿಯ ರಂಗೋಲಿ ಪುಡಿ ಬಿಳಿ ಕಲ್ಲಿನದು. ಬೆರಳಿಗೆ ಸ್ವಲ್ಪ ತರಿ ಸಿಗಬೇಕು. ತೀರಾ ನುಣ್ಣಗಿದ್ದರೆ ಸರಿಯಾಗಿ ಉದುರಲ್ಲ. ಜರಡಿ ಹಿಡಿದ ಸಣ್ಣ ಮರಳು ಬೆರೆಸಿ. ಅಕ್ಕಿ ಹಿಟ್ಟಾದರೆ ಇರುವೆ, ಗುಬ್ಬಿಗೆ ಊಟವಾಗುತ್ತದೆ ನಿಜ, ಆದರೆ ಕಲಿಯುವವರ ಕೈಗೆ ಅದು ಬಗ್ಗಲ್ಲ.

ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಿಟಿಕೆ ಹಿಡಿಯಿರಿ. ಬೆರಳು ನೆಲಕ್ಕೆ ತಾಗದೆ ಒಂದಿಂಚು ಮೇಲಿರಲಿ. ಮೆಲ್ಲಗೆ ಉಜ್ಜುತ್ತಾ ಹೋದರೆ ಪುಡಿ ತಾನೇ ಉದುರುತ್ತದೆ. ನಾನು ಸೀಮೆಸುಣ್ಣ ಹಿಡಿದ ಹಾಗೆ ಗೀಚುತ್ತಿದ್ದೆ. ಅಜ್ಜಿ ನೋಡಿ, "ಇದೇನೇ, ಬಸವನಹುಳು ಹರಿದಾಡಿದೆಯಾ?" ಅಂದಿದ್ದರು.

ಈಗ ಚುಕ್ಕಿ. ನಡುವೆ ಒಂದು; ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು. ಅಂತರ ಎಲ್ಲ ಕಡೆ ನಾಲ್ಕು ಬೆರಳು. ಇಲ್ಲಿ ಅವಸರ ಬೇಡ, ಚುಕ್ಕಿ ಸೊಟ್ಟಗಾದರೆ ಎಳೆಯೂ ಸೊಟ್ಟಗೇ.

ನಡುವಿನ ಚುಕ್ಕಿಗೂ ಬಲದ ಚುಕ್ಕಿಗೂ ಸರಿ ಮಧ್ಯದಿಂದ ಹೊರಡಿ. ಬಲದ ಚುಕ್ಕಿಯ ಮೇಲಿಂದ ಹೋಗಿ, ಸುತ್ತಿ, ಕೆಳಗಿಂದ ಹೊರಟ ಜಾಗಕ್ಕೇ ಬನ್ನಿ. ನಿಲ್ಲಬೇಡಿ, ತಿರುಗಬೇಡಿ. ಎಳೆ ದಾಟಿ ಹಾಗೇ ಓರೆಯಾಗಿ ಮೇಲಕ್ಕೆ ಹೋಗಿ, ನಡುವಿನ ಚುಕ್ಕಿಗೂ ಮೇಲಿನದಕ್ಕೂ ಮಧ್ಯೆ ತೂರಿ. ಮೇಲಿನ ಚುಕ್ಕಿಯನ್ನು ಎಡಗಡೆಯಿಂದ ಹತ್ತಿ ಬಲಗಡೆಯಿಂದ ಇಳಿಯಿರಿ. ಮತ್ತೆ ದಾಟಿ ಎಡದ ಚುಕ್ಕಿಗೆ. ಅದನ್ನು ಕೆಳಗಿಂದ ಸುತ್ತಿ ಮೇಲಿಂದ ಬನ್ನಿ. ಕೊನೆಗೆ ಕೆಳಗಿನದು, ಬಲದಿಂದ ಇಳಿದು ಎಡದಿಂದ ಮೇಲಕ್ಕೆ. ಎಳೆ ಹೊರಟಲ್ಲಿಗೇ ಬಂದು ಸೇರುತ್ತದೆ. ನಾಲ್ಕು ದಳ, ನಡುವಿನ ಚುಕ್ಕಿಗೊಂದು ಪುಟ್ಟ ಚೌಕ.

ಸೇರಲಿಲ್ವಾ? ಎಲ್ಲೋ ದಾಟುವ ಕಡೆ ತಿರುಗಿಬಿಟ್ಟಿದ್ದೀರಿ. ಒದ್ದೆ ಬಟ್ಟೆಯಲ್ಲಿ ಅಷ್ಟನ್ನೇ ಒರೆಸಿ.

ಒಂದು ಚಿಟಿಕೆ ಪುಡಿ ಪೂರ್ತಿ ಸುತ್ತಿಗೆ ಬರಲ್ಲ. ಪುಡಿ ತೆಗೆದುಕೊಳ್ಳಲು ಕೈ ಎತ್ತುವುದಿದ್ದರೆ ದಳದ ಹೊರ ತುದಿಯಲ್ಲಿ ಎತ್ತಿ. ಅಡ್ಡ ದಾಟುವಲ್ಲಿ ಎತ್ತಿದರೆ ಅಲ್ಲಿ ಪುಡಿ ಗುಪ್ಪೆಯಾಗಿ ಗಂಟು ಕಾಣುತ್ತದೆ.

ಕೈ ಪಳಗಿದ ಮೇಲೆ 7ರಿಂದ 4 ಸಂದು ಚುಕ್ಕಿ: ಸಾಲಾಗಿ 4, 5, 6, 7, 6, 5, 4, ಒಟ್ಟು 37. ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಸಂದಿಗೆ ಬರಬೇಕು. ಅದಕ್ಕೆ ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಿ.